ಶಿಕ್ಷಣ ಉಪಕರವೂ ನಮ್ಮೂರ ಶಾಲೆಯೂ



ತೆರಿಗೆಯೆಂಬ ಮಾತು ಯಾರ ಕಿವಿಗೂ ಇಂಪಲ್ಲ. ಆದರೂ ಒಂದು ತೆರಿಗೆಯನ್ನು ನಾವು ಮನಃಪೂರ್ವಕವಾಗಿ ಸಮರ್ಥಿಸುತ್ತೇವೆ. ಅದೇ ಶಿಕ್ಷಣ ಉಪಕರ. ಕೇಂದ್ರ ಸರ್ಕಾರವು 2004ರಲ್ಲಿ ತನ್ನ ತೆರಿಗೆಗಳ ಮೇಲೆ ನೂರಕ್ಕೆ 2ರಂತೆ ಇದನ್ನು ವಿಧಿಸಿತು. 2007ರಲ್ಲಿ ಪ್ರೌಢ ಹಾಗೂ ಉನ್ನತ ಶಿಕ್ಷಣಕ್ಕೆಂದು ಮತ್ತೆ ನೂರಕ್ಕೆ 1ನ್ನು ಕೂಡಿಸಿತು. 2018ರಿಂದ ಇವೆರಡರ ಸ್ಥಾನದಲ್ಲಿ ಆರೋಗ್ಯ ಮತ್ತು ಶಿಕ್ಷಣ ಉಪಕರವೆಂಬ ಹೆಸರಿನಿಂದ ಆದಾಯ ತೆರಿಗೆಯ ಮೇಲೆ ನೂರಕ್ಕೆ 4 ಸಲ್ಲುತ್ತಿದೆ. 10,000 ರೂಪಾಯಿ ಆದಾಯ ತೆರಿಗೆ ತೆರುವವನು 400 ರೂಪಾಯಿ ಹೆಚ್ಚಾಗಿ ಕೊಡುತ್ತಾನೆ. ಆದಾಯ ತೆರಿಗೆ ಕಟ್ಟುವಷ್ಟು ವರಮಾನವಿಲ್ಲದ ಬಡವನ ಮೇಲೆ ಈ ಹೊರೆ ಬೀಳುವುದಿಲ್ಲ. ಉಳ್ಳವರಿಂದ ಪಡೆದು ಎಲ್ಲರ ಮಕ್ಕಳಿಗೂ ಅಕ್ಷರ ಕಲಿಸುವುದು ನ್ಯಾಯವೇ ಸರಿ.

ಹಿಂದೆ ನಮ್ಮ ಹಿರಿಯರು ಕೂಲಿಮಠದ ಐಗಳಿಗೆ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಕಾಳಿಲ್ಲದವನ ಮಗ ಮಠದ ಹೊರಗೇ ಉಳಿಯುತ್ತಿದ್ದ. ಮಗಳ ಮಾತಂತೂ ದೂರವೇ ಆಯಿತು. ಸಾರ್ವಜನಿಕ ಹಣದಿಂದ ನಡೆಯುವ ಶಾಲೆಯ ಬಾಗಿಲು ಇಬ್ಬರಿಗೂ ತೆರೆದಿದೆ. ಹನಿಗೂಡಿದರೆ ಹಳ್ಳವೆಂಬುದು ಇಲ್ಲಿ ಬರಿಯ ಗಾದೆಯಲ್ಲ.

“ಪರರಾಜ್ಯದಲ್ಲಿರುವ ನಮಗೆ ಇದರಿಂದೇನು ಫಲ?” ಎಂದು ಕೆಲವರು ಕೇಳಬಹುದು. ಈ ಉಪಕರವು ಕೇಂದ್ರದ್ದು. ಕಾಸರಗೋಡಿಗೂ ಅಕ್ಕಲಕೋಟೆಗೂ ತಾಳವಾಡಿಗೂ ಒಂದೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸತಕ್ಕದ್ದೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಹೇಳುತ್ತದೆ. ಆದರೆ ವಿಧಿಯೊಂದೇ ಪಾಠ ಹೇಳಲಾರದು. ಪಾಠ ಹೇಳುವ ಅಧ್ಯಾಪಕರಿಗೆ ಸಂಬಳ ಬೇಕು, ಮಕ್ಕಳ ಕೈಗೆ ಪುಸ್ತಕ ಬೇಕು. ಇವೆರಡಕ್ಕೂ ಹಣವೇ ಆಧಾರ.

“ಕೊಟ್ಟ ಹಣ ಉದ್ದೇಶಕ್ಕೆ ಮುಟ್ಟುತ್ತದೆಯೇ?” ಎಂಬ ಸಂಶಯವೂ ನಿರಾಧಾರವಲ್ಲ. ಪ್ರಾಥಮಿಕ ಶಿಕ್ಷಣದ ಉಪಕರಕ್ಕೆ ಪ್ರತ್ಯೇಕ ನಿಧಿಯು ಬೇಗನೆ ಏರ್ಪಟ್ಟಿತಾದರೂ, 2007ರ ಉಪಕರಕ್ಕೆ ಅಂತಹ ನಿಧಿಗೆ ಒಪ್ಪಿಗೆ ದೊರೆತದ್ದು 2017ರಲ್ಲಿ. ಇದಕ್ಕೆ ಪರಿಹಾರವು ತೆರಿಗೆಯನ್ನು ತೆಗೆದುಹಾಕುವುದಲ್ಲ, ಲೆಕ್ಕ ಕೇಳುವುದು.

ಕೇಳುವುದಕ್ಕೆ ದಿಲ್ಲಿಯವರೆಗೆ ಹೋಗಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಪ್ರತಿಯೊಂದು ಸರ್ಕಾರಿ ಪ್ರಾಥಮಿಕ ಶಾಲೆಗೂ ಒಂದು ನಿರ್ವಹಣಾ ಸಮಿತಿಯುಂಟು. ಅದರ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೂ ಪೋಷಕರೂ ಇರತಕ್ಕದ್ದು, ಅರ್ಧದಷ್ಟು ಮಹಿಳೆಯರಿರತಕ್ಕದ್ದು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಬರೆಯುವುದೂ ಬಂದ ಅನುದಾನದ ವೆಚ್ಚವನ್ನು ನೋಡುವುದೂ ಆ ಸಮಿತಿಯ ಕರ್ತವ್ಯ. ಸರ್ಕಾರದ ಅನುದಾನಕ್ಕೆ ಆ ಯೋಜನೆಯೇ ಆಧಾರ. ಆದುದರಿಂದ ಸಭೆಗೆ ತಪ್ಪದೆ ಹೋಗಿರಿ. ಕನ್ನಡ ಅಧ್ಯಾಪಕರ ಹುದ್ದೆ ಖಾಲಿಯಿದ್ದರೆ ಅದನ್ನು ಯೋಜನೆಯಲ್ಲಿ ಬರೆಯಿಸಿರಿ. ಶಾಲೆ ತೆರೆದ ದಿನವೇ ಕನ್ನಡ ಪಠ್ಯಪುಸ್ತಕ ಕೈಸೇರಬೇಕೆಂದು ಬರೆಯಿಸಿರಿ. ಅಳದ ಮಗುವಿಗೆ ತಾಯಿಯೂ ಹಾಲೂಡಳು.

ಪ್ರಾಥಮಿಕ ಶಾಲೆಗೇ ನಮ್ಮ ಆಸೆ ನಿಲ್ಲಬಾರದು. ಕಾಸರಗೋಡಿನ ಸರ್ಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರ್ಕಾರಿ ಕಾಲೇಜುಗಳಂತಹ ಸಂಸ್ಥೆಗಳು ನಡೆಯುವುದೂ ಸಾರ್ವಜನಿಕ ಹಣದಿಂದಲೇ. ಊರ ಶಾಲೆಯಲ್ಲಿ ಕನ್ನಡದ ಮಕ್ಕಳು ಉಳಿದರೆ ಮಾತ್ರ ಅಂತಹ ಕಾಲೇಜುಗಳಲ್ಲಿ ಕನ್ನಡದ ವಿದ್ಯಾರ್ಥಿಗಳು ಇದ್ದಾರು.

ಗಡಿಯ ಪ್ರಶ್ನೆ ಎಂದು ಹೇಗೆ ತೀರ್ಮಾನವಾದೀತೋ ಆಗಲಿ. ಈ ವರ್ಷ ಒಂದನೆಯ ತರಗತಿಗೆ ಸೇರಿದ ಮಗು ಇನ್ನೈದು ವರ್ಷಗಳಲ್ಲಿ ಐದನೆಯ ತರಗತಿಯನ್ನು ದಾಟಿಬಿಡುತ್ತದೆ. ಅದು ಯಾವ ತೀರ್ಪಿಗೂ ಕಾಯಲಾರದು. ತೆರಿಗೆ ತೆರಬೇಕಾದವರು ಸಂತೋಷದಿಂದ ತೆರಲಿ. ತೆರಲಾರದವರೂ ಸಂಕೋಚವಿಲ್ಲದೆ ಲೆಕ್ಕ ಕೇಳಲಿ. ಇದು ನಮ್ಮ ವಿನಂತಿ.