ನಾಲ್ಕು ಊರು, ಒಬ್ಬ ಗುರು

ಬಲಿಪೂಜೆ ಮುಗಿದೊಡನೆ ಗುರುಗಳು ಪೂಜಾವಸ್ತ್ರವನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು, ಕೈಗೆ ಬಂದ ಕಾಫಿಯನ್ನು ನಿಂತೇ ಕುಡಿದು ಹೊರಟುಬಿಡುವುದನ್ನು ಸಣ್ಣ ಊರುಗಳ ವಿಶ್ವಾಸಿಗಳಾದ ನಾವೆಲ್ಲರೂ ಕಂಡಿದ್ದೇವೆ. ಮುಂದಿನ ಊರಿನಲ್ಲಿ ಜನ ಕಾದಿರುತ್ತಾರೆ. ಅಲ್ಲಿ ತಡವಾಗಿ ಬಂದರೆಂಬ ಗೊಣಗಾಟ, ಇಲ್ಲಿ ಬೇಗ ಹೊರಟರೆಂಬ ಗೊಣಗಾಟ. ಈ ಗೊಣಗಾಟದಲ್ಲಿ ನಮ್ಮ ಪಾಲೂ ಇದ್ದಿತೆಂದು ಒಪ್ಪಿಕೊಂಡೇ ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ಊರುಗಳನ್ನು ಒಂದು ಸುತ್ತು ಹಾಕಿ ಬರಲು ಸುಮಾರು 150 ಕಿ.ಮೀ. ದಾರಿ ಕ್ರಮಿಸಬೇಕು. ಒಬ್ಬರೇ ಗುರುಗಳು ನಾಲ್ಕೂ ಕಡೆ ಭಾನುವಾರದ ಪೂಜೆಯನ್ನು ಅರ್ಪಿಸಬೇಕೆಂದು ನಾವು ಬಯಸಿದರೆ ಏನಾದೀತು? 1983ರ ಧರ್ಮಸಭೆಯ ಕಾನೂನು ಸಂಹಿತೆಯ 905ನೆಯ ವಿಧಿಯಂತೆ ಗುರುವಿಗೆ ದಿನಕ್ಕೊಂದೇ ಪೂಜೆ ಎಂಬುದು ಸಾಮಾನ್ಯ ನಿಯಮ. ಗುರುಗಳ ಕೊರತೆಯಿದ್ದು ಅಗತ್ಯ ಕಂಡುಬಂದಲ್ಲಿ ಧರ್ಮಾಧ್ಯಕ್ಷರ ಅನುಮತಿಯಿಂದ ಭಾನುವಾರ ಮೂರರವರೆಗೆ ಅವಕಾಶವುಂಟು. ನಾಲ್ಕನೆಯ ಊರಿನವರು ಶನಿವಾರ ಸಂಜೆಯ ಪೂಜೆಗೆ ತೃಪ್ತರಾಗಬೇಕು. ಲೆಕ್ಕವೇನೋ ಹೀಗೆ ಸರಿಹೋಗುತ್ತದೆ. ಆದರೆ ಪಾಪನಿವೇದನೆ ಕೇಳಲು, ಹಾಸಿಗೆ ಹಿಡಿದವರನ್ನು ಕಾಣಲು, ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಎದುರುಬದುರು ಕೂರಿಸಲು, ಮಕ್ಕಳಿಗೆ ಧರ್ಮೋಪದೇಶ ಹೇಳಲು ವೇಳೆಯೆಲ್ಲಿದೆ?

ಗುರುಗಳ ಅಲೆದಾಟ ನಮ್ಮ ನಾಡಿಗೆ ಹೊಸದಲ್ಲ. 17ನೆಯ ಶತಮಾನದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದಂದಿನಿಂದಲೂ ಅದು ನಡೆದುಬಂದಿದೆ. ಇಂದಿನ ತರುಣರು ಬಹುಶಃ ಕೇಳಿರದ ಸಂಗತಿಯೊಂದಿದೆ. 1953ರವರೆಗೆ, ಪೂಜೆ ಅರ್ಪಿಸುವ ಗುರು ಹಿಂದಿನ ನಡುರಾತ್ರಿಯಿಂದ ಒಂದು ಹನಿ ನೀರನ್ನೂ ಕುಡಿಯುವಂತಿರಲಿಲ್ಲ. ನೀರಿನಿಂದ ಉಪವಾಸಕ್ಕೆ ಭಂಗವಿಲ್ಲವೆಂದು ಆ ವರ್ಷ ಜಗದ್ಗುರು 12ನೆಯ ಪಯಸ್ ಅವರು ಸಡಿಲಿಸಿದರು. ಅದಕ್ಕೂ ಮುನ್ನ, ಮಳೆ ಕಡಿಮೆಯಾದ ಇಂಥ ಬಯಲುಸೀಮೆಯಲ್ಲಿ, ಬಿಸಿಲೇರಿದ ಮೇಲೆ ಎರಡನೆಯ ಊರಿನ ಪೂಜೆಗೆ ಸೈಕಲ್ಲಿನಲ್ಲೋ ಎತ್ತಿನ ಗಾಡಿಯಲ್ಲೋ ಹೊರಟ ಗುರುವಿನ ಬಾಯಾರಿಕೆಯನ್ನು ವಾಚಕರೇ ಊಹಿಸಿಕೊಳ್ಳಲಿ.

ಆದರೆ ಆ ಗುರುಗಳು ತಲುಪಿದ ಊರಿನಲ್ಲಿ ಉಳಿಯುತ್ತಿದ್ದರು. ಅಬ್ಬೆ ದ್ಯುಬುವಾ ಅವರನ್ನೇ ನೋಡಿ. 1792ರಲ್ಲಿ ಫ್ರಾನ್ಸ್ ಬಿಟ್ಟ ಅವರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಿ ಬೇಸಾಯಕ್ಕೆ ಹಚ್ಚಿದರು. ತಲೆಗೆ ಪೇಟ, ಮೈಗೆ ಈ ನೆಲದ ಉಡುಗೆ, ಮಾಂಸವಿಲ್ಲದ ಊಟ. ಜನ ಅವರನ್ನು ‘ದೊಡ್ಡಸ್ವಾಮಿ’ ಎಂದು ಕರೆದರು. 1803-04ರ ಸುಮಾರಿಗೆ ಸಿಡುಬಿನ ಲಸಿಕೆ ಹೊಸದಾಗಿ ಬಂದಾಗ, ಅವರ ಮುತುವರ್ಜಿಯಿಂದ 25,000ಕ್ಕೂ ಮಿಕ್ಕಿದ ಜನರಿಗೆ ಅದನ್ನು ಹಾಕಲಾಯಿತು. ಪರಿಚಯವಿಲ್ಲದವನ ಮಾತು ಕೇಳಿ ತೋಳು ಚಾಚುವವರಾರು? (ಅವರಿಗೆ ಕೀರ್ತಿ ತಂದ ಹಿಂದೂ ಆಚಾರಗಳ ಗ್ರಂಥದ ಬಹುಭಾಗಕ್ಕೆ ಯೇಸುಸಭೆಯ ಕೆರ್ದೂ ಅವರ ಹಸ್ತಪ್ರತಿಯೇ ಆಧಾರವೆಂದು ವಿದುಷಿ ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿಕೊಟ್ಟರು. ನಮಗಂತೂ ಆ ಗ್ರಂಥಕ್ಕಿಂತ ಲಸಿಕೆಯ ಲೆಕ್ಕವೇ ಪ್ರಿಯ.) 1823ರಲ್ಲಿ ಅವರು ಹಿಂದಿರುಗಿದರು. ನಡುವೆ ಒಮ್ಮೆಯೂ ತಾಯ್ನಾಡಿಗೆ ಹೋಗಿರಲಿಲ್ಲ.

ಆದುದರಿಂದ ನಮ್ಮ ಸಲಹೆ ಇದು. ಒಬ್ಬ ಗುರುವಿಗೆ ಹಲವು ಊರುಗಳಿರುವಲ್ಲಿ, ಅವರು ಪ್ರತಿ ಭಾನುವಾರ ಎಲ್ಲೆಡೆ ಓಡುವುದು ಬೇಡ. ಶನಿವಾರ ಮಧ್ಯಾಹ್ನ ಒಂದು ಊರಿಗೆ ಬಂದು ಭಾನುವಾರ ಸಂಜೆಯವರೆಗೆ ಅಲ್ಲಿಯೇ ಇರಲಿ. ಮುಂದಿನ ವಾರ ಇನ್ನೊಂದು ಊರು. ಉಳಿದ ಊರುಗಳವರು ಬೀಗ ಹಾಕಿ ಕೂರಬೇಕಾಗಿಲ್ಲ. ಗುರುಗಳಿಲ್ಲದ ಭಾನುವಾರ ವಿಶ್ವಾಸಿಗಳು ಕೂಡಿ ದೈವವಾಕ್ಯವನ್ನು ಆಲಿಸಿ ಪ್ರಾರ್ಥಿಸಬೇಕೆಂದು ಅದೇ ಸಂಹಿತೆಯ 1248ನೆಯ ವಿಧಿ ಒತ್ತಿ ಹೇಳುತ್ತದೆ. ಅದರ ಕ್ರಮವನ್ನು ತಿಳಿಸುವ ನಿರ್ದೇಶಿಕೆಯನ್ನು 1988ರಲ್ಲಿ ರೋಮ್ ಹೊರಡಿಸಿದೆ. ಶಿವಮೊಗ್ಗ ಧರ್ಮಕ್ಷೇತ್ರ ಸ್ಥಾಪನೆಯಾಗಿ ಚಿತ್ರದುರ್ಗ ಅದರ ಮಡಿಲಿಗೆ ಸೇರಿದ್ದೂ ಅದೇ ವರ್ಷ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರು 1542ರಿಂದ 1552ರವರೆಗಿನ ಹತ್ತೇ ವರ್ಷಗಳಲ್ಲಿ ಗೋವೆ, ಮಲಕ್ಕ, ಜಪಾನುಗಳನ್ನು ಸುತ್ತಿದವರು. ಅವರೂ ತಮಿಳು ಕರಾವಳಿಯ ಹಳ್ಳಿಗಳಲ್ಲಿ ಜನರನ್ನು ಪ್ರಾರ್ಥನೆಗೆ ಸೇರಿಸಲು ‘ಕಣಕ್ಕಪಿಳ್ಳೆ’ಗಳೆಂಬ ಉಪದೇಶಿಗಳನ್ನು ನೇಮಿಸಿಯೇ ಮುಂದೆ ಹೋದರು.

ಪೂಜೆಯಿಲ್ಲದ ಭಾನುವಾರವೂ ಒಂದು ಭಾನುವಾರವೇ ಎಂದು ನಮ್ಮ ಹಿರಿಯರು ಕೇಳಿಯಾರು. ಈ ಆಕ್ಷೇಪ ಹಗುರವಾದುದಲ್ಲ. ತಿಂಗಳಿಗೊಮ್ಮೆ ಮಾತ್ರ ಪೂಜೆ ಸಿಗುವಂತಾದರೆ, ದೂರದಿಂದ ಬಸ್ಸು ಹಿಡಿದು ಬರುವ ಒಂದೆರಡು ಕುಟುಂಬಗಳು ಬರುವುದನ್ನೇ ಬಿಟ್ಟಾವೆಂಬ ಅಳುಕು ನಮಗೂ ಇದೆ. ಸಾವಿನಂಚಿನಲ್ಲಿರುವವರ ಕರೆ ಬಂದಾಗ ಸರದಿಯ ಮಾತೆತ್ತುವಂತೆಯೂ ಇಲ್ಲ; ಗುರುಗಳು ಯಾವ ಊರಿನಲ್ಲಿದ್ದರೂ ಎದ್ದು ಬರಬೇಕು. ಉಳಿದ ಭಾನುವಾರಗಳಲ್ಲಿ ಪರಮಪ್ರಸಾದ ಹಂಚಲು ಶ್ರೀಸಾಮಾನ್ಯರನ್ನೇ ನೇಮಿಸಬಹುದಾಗಿದೆ. ಅದು ಧರ್ಮಾಧ್ಯಕ್ಷರ ತೀರ್ಮಾನ. ಇಷ್ಟಾದರೂ ನಷ್ಟವಿದೆ. ಆದರೆ ಗಡಿಯಾರ ನೋಡುತ್ತ ಮುಗಿಸುವ ನಾಲ್ಕು ಪೂಜೆಗಳಲ್ಲಿ ಆಗುವ ನಷ್ಟ ಅದಕ್ಕಿಂತ ಹೆಚ್ಚೆಂದು ನಮಗೆ ತೋರುತ್ತದೆ.

ವಾಚನಗಳನ್ನು ಸ್ಪಷ್ಟವಾಗಿ ಓದಬಲ್ಲ ಶಿಕ್ಷಕಿಯರು, ಹಾಡು ಎತ್ತಿಕೊಡಬಲ್ಲ ತರುಣರು ಸಣ್ಣ ಊರುಗಳಲ್ಲಿಯೂ ಇದ್ದಾರೆ. ಮೊದಲು ಬೇಕಾದುದು ಶನಿವಾರ ರಾತ್ರಿ ಗುರುಗಳು ತಂಗಲು ಒಂದು ಕೋಣೆ, ಸ್ನಾನಕ್ಕೆ ನೀರು, ಮನೆಯವರು ಉಣ್ಣುವ ಮುದ್ದೆ ಸಾರಿನಲ್ಲಿ ಒಂದು ಪಾಲು. ಅದನ್ನು ಕೊಡಬಯಸುವ ಮನೆಯವರು ಮುಂದಿನ ಭಾನುವಾರ, ಗುರುಗಳು ಪೆಟ್ಟಿಗೆ ಮುಚ್ಚುವ ಮೊದಲೇ, ಅವರಿಗೆ ತಿಳಿಸಲಿ.