ಗಂಜಿಯ ಋಣ

ಕೃತಜ್ಞತೆಯ ವಿರುದ್ಧ ಮಾತಾಡುವವರು ಸಿಗುವುದು ಅಪರೂಪ. ದೇವರಿದ್ದಾನೆಯೇ ಎಂಬುದರ ಬಗ್ಗೆ ಜಗಳವಿದೆ, ಮತಾಂತರದ ಬಗ್ಗೆ ಜಗಳವಿದೆ, ಯಾರು ನಿಜವಾದ ಕನ್ನಡಿಗರು ಎಂಬುದರ ಬಗ್ಗೆಯಂತೂ ಕೇಳುವುದೇ ಬೇಡ. ಆದರೆ ‘ಉಪಕಾರ ಸ್ಮರಣೆ ಇರಬೇಕು’ ಎಂದರೆ ಆಸ್ತಿಕರೂ ನಾಸ್ತಿಕರೂ ಒಟ್ಟಿಗೇ ತಲೆಯಾಡಿಸುತ್ತಾರೆ. ಎಲ್ಲರೂ ಇಷ್ಟು ಸಲೀಸಾಗಿ ಒಪ್ಪುವ ಮಾತನ್ನು ಒಮ್ಮೆ ಮಗುಚಿ ನೋಡುವುದು ನನ್ನ ಅಭ್ಯಾಸ. ಮನೆಯವರ ಪ್ರಕಾರ ದುರಭ್ಯಾಸ. ಗದಗ-ಬೆಟಗೇರಿಯ ಬಾಸೆಲ್ ಮಿಶನ್ ಮನೆತನವೊಂದರಲ್ಲಿ ಹುಟ್ಟಿ, ಈಗ ಚೆನ್ನೈಯಲ್ಲಿ ನೌಕರಿ ಮಾಡಿಕೊಂಡು, ಭಾನುವಾರ ತಮಿಳು ಆರಾಧನೆಗೆ ಹೋಗುವ ನನ್ನಂಥವನಿಗೆ ಈ ಮಾತು ಬರಿಯ ನೀತಿಪಾಠವಾಗಿ ಬರುವುದಿಲ್ಲ. ಯಾರಿಗೆ, ಯಾತಕ್ಕೆ, ಎಷ್ಟು ಎಂಬುದನ್ನೂ ಬೇರೆಯವರೇ ನಿಗದಿ ಮಾಡಿಟ್ಟಿರುತ್ತಾರೆ. ನನ್ನ ತಕರಾರು ಅಲ್ಲಿಂದ ಶುರುವಾಗುತ್ತದೆ.

ಮೊದಲು ಗುರುತಿನ ವಿಷಯ. ಗುರುತು ನಮ್ಮೊಳಗೇ ಇದೆ, ಅದನ್ನು ಹುಡುಕಿಕೊಳ್ಳಬೇಕು ಎಂದು ನನ್ನ ವಯಸ್ಸಿನವರಿಗೆ ಎಲ್ಲರೂ ಉಪದೇಶಿಸುತ್ತಾರೆ. ಇರಬಹುದು. ಆದರೆ ನಾನು ಕಂಡ ಮಟ್ಟಿಗೆ ಅದರ ದೊಡ್ಡ ಪಾಲು ಕೇಳುವವರ ಕೈಯಲ್ಲಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಎರಡಕ್ಕಿಂತ ಕಡಿಮೆ. ಚೆನ್ನೈಯಲ್ಲಿ ಏಳೂವರೆಗಿಂತ ಹೆಚ್ಚು. ಊರಲ್ಲಿ ನಾನು ‘ಕ್ರಿಶ್ಚನ್ನರ ಮನಿ ಹುಡುಗ’. ಇಲ್ಲಿ ವೇಳಚ್ಚೇರಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ಯೇಸುವಿನ ಹೆಸರಿಗೆ ಯಾರೂ ಹುಬ್ಬೇರಿಸಲಿಲ್ಲ, ಕಾವೇರಿಯ ಹೆಸರಿಗೆ ಏರಿಸಿದರು. ಚರ್ಚಿನಲ್ಲೋ, ‘ಕನ್ನಡವಾ? ಹಾಗಾದರೆ ಮಂಗಳೂರಾ?’ ಎಂಬುದು ಖಾಯಂ ಪ್ರಶ್ನೆ. ಬಯಲುಸೀಮೆಯಲ್ಲಿ, ಜೋಳದ ರೊಟ್ಟಿ ತಿಂದು ಬೆಳೆದ ಪ್ರೊಟೆಸ್ಟೆಂಟರೂ ಇದ್ದಾರೆ ಎಂದು ವಿವರಿಸಿದರೆ ಅವರು ನಂಬುತ್ತಾರೆ, ಆದರೆ ನೆನಪಿಟ್ಟುಕೊಳ್ಳುವುದಿಲ್ಲ. ಹಾಗೆಂದು ಒಳಗಿನದು ಏನೂ ಇಲ್ಲ ಎನ್ನಲಾರೆ. ಕರ್ತನ ಪ್ರಾರ್ಥನೆಯನ್ನು ಎಲ್ಲರೂ ತಮಿಳಿನಲ್ಲಿ ಹೇಳುವಾಗ ನಾನು ಪಕ್ಕದವರಿಗೆ ಕೇಳದ ಹಾಗೆ ಕನ್ನಡದಲ್ಲೇ ಹೇಳಿಕೊಳ್ಳುತ್ತೇನೆ. ಸಾಮಾನ್ಯವಾಗಿ ಸಭೆಗಿಂತ ಸ್ವಲ್ಪ ಮೊದಲೇ ‘ಆಮೆನ್’ ತಲುಪಿ ಸುಮ್ಮನೆ ಕಾಯುತ್ತೇನೆ.

ಇನ್ನು ಕಿಟೆಲ್. ಕನ್ನಡ ಕ್ರೈಸ್ತರ ಪರವಾಗಿ ಯಾರೇ ಒಂದು ಒಳ್ಳೆಯ ಮಾತಾಡಲಿ, ಎರಡನೆಯ ವಾಕ್ಯದಲ್ಲಿ ಕಿಟೆಲ್ ಬಂದೇ ಬರುತ್ತಾರೆ. 1853ರಲ್ಲಿ ಭಾರತಕ್ಕೆ ಬಂದ ಆ ಜರ್ಮನ್ ಪಾದ್ರಿ ದಶಕಗಟ್ಟಲೆ ದುಡಿದು ಸುಮಾರು ಎಪ್ಪತ್ತು ಸಾವಿರ ಪದಗಳ ನಿಘಂಟು ಕಟ್ಟಿದರು. 1894ರಲ್ಲಿ ಮಂಗಳೂರಿನಲ್ಲಿ ಅದು ಅಚ್ಚಾಯಿತು. ಆ ಶ್ರಮದ ಬಗ್ಗೆ ನನಗೆ ಯಾರಿಗೂ ಕಡಿಮೆಯಿಲ್ಲದ ಗೌರವವಿದೆ. ಆದರೆ ಅದು ಕನ್ನಡ ಓದುವವರೆಲ್ಲರ ಋಣ. ನನ್ನೊಬ್ಬನ ಪಿತ್ರಾರ್ಜಿತ ಹೇಗಾಯಿತು? ನಿಘಂಟು ಅಚ್ಚಾದ ವರ್ಷ ನಮ್ಮ ಹಿರಿಯರಿಗೆ ಅದನ್ನು ಓದಲು ಬರುತ್ತಿತ್ತೋ ಇಲ್ಲವೋ. ಅದೇ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ಹಿಗ್ಗಿಸಿದರು. 1968ರಿಂದ 1971ರ ನಡುವೆ ಮದ್ರಾಸ್ ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ ಅದನ್ನು ಪ್ರಕಟಿಸಿತು. ಆ ದುಡಿಮೆಯನ್ನು ಭಟ್ಟರ ಜಾತಿಯವರ ಖಾತೆಗೆ ಯಾರೂ ಜಮಾ ಮಾಡಲಿಲ್ಲ. ಮಾಡಬಾರದು ಕೂಡ.

ಕಿಟೆಲ್ ಪರದೇಶಿಯಾದರೆ, ಇನ್ನೂ ಹತ್ತಿರದ ಹೆಸರುಗಳು ನಮ್ಮಲ್ಲಿವೆ. ಬಾಸೆಲ್ ಮಿಶನ್ನಿನ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 2014ರಲ್ಲಿ ಮಡಿಕೇರಿಯ ಸಮ್ಮೇಳನಕ್ಕೆ ನಾ. ಡಿಸೋಜ ಅಧ್ಯಕ್ಷರಾಗಿದ್ದರು. ಹೆಮ್ಮೆಯ ಸಂಗತಿಗಳೇ. ಆದರೂ ಈ ಪಟ್ಟಿ ಓದುವ ಕೆಲಸವೇ ನನಗೆ ಇರುಸುಮುರುಸು ತರುತ್ತದೆ. ‘ಈ ನಾಡು ನಿಮ್ಮನ್ನು ಇಟ್ಟುಕೊಂಡಿದೆ, ನೆನಪಿರಲಿ’ ಎನ್ನುವವರೂ ‘ಈ ನಾಡಿಗೆ ನಾವು ಏನೆಲ್ಲ ಕೊಟ್ಟಿದ್ದೇವೆ, ನೋಡಿ’ ಎನ್ನುವವರೂ ಪರಸ್ಪರ ವಿರೋಧಿಗಳಂತೆ ಕಾಣುತ್ತಾರೆ. ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಮ್ಮತ. ನಾವು ಬಾಡಿಗೆಗೆ ಇದ್ದೇವೆ, ಬಾಕಿ ಉಳಿದಿದೆಯೋ ಸಂದಾಯವಾಗಿದೆಯೋ ಎಂಬುದಷ್ಟೇ ಅವರ ಚರ್ಚೆ. ನಿಘಂಟು ಬರೆಯದ, ಸಮ್ಮೇಳನದ ವೇದಿಕೆ ಹತ್ತದ, ಬರಿಯ ಮಗ್ಗ ತುಳಿದು ಸತ್ತ ಕ್ರೈಸ್ತನೂ ಕನ್ನಡಿಗನೇ ಎಂಬಲ್ಲಿಂದ ಹೊರಡದ ಕೃತಜ್ಞತೆ ನನಗೆ ಬೇಡ.

ಈಗ ಗಂಜಿಯ ವಿಷಯ. ಇದನ್ನು ನಮ್ಮವರು ಸಾಮಾನ್ಯವಾಗಿ ಎತ್ತುವುದಿಲ್ಲ. ಬೇರೆಯವರು ಎತ್ತಿದರೆ ಮುಖ ಕೆಂಪಾಗುತ್ತದೆ. ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಕಥೆಯ ಪ್ರಕಾರ, ನನ್ನ ಮುತ್ತಜ್ಜನ ತಂದೆ ಬರಗಾಲದಲ್ಲಿ ಅಪ್ಪ-ಅವ್ವನನ್ನು ಕಳಕೊಂಡು ಮಿಶನ್ನಿನವರ ಆಶ್ರಯಕ್ಕೆ ಬಂದ ಹುಡುಗ. 1876ರಿಂದ 78ರವರೆಗಿನ ಆ ಬರ ಶುರುವಾದದ್ದು ಧಾತು ಸಂವತ್ಸರದಲ್ಲಿ. ತಮಿಳುನಾಡಿನ ಹಳೆಯ ತಲೆಗಳೂ ಅದನ್ನು ಧಾತು ವರ್ಷದ ಹೆಸರಿನಿಂದಲೇ ನೆನೆಯುತ್ತವೆ. ದಕ್ಷಿಣ ಭಾರತ ಮತ್ತು ದಖ್ಖನ್ನಿನಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕಿ ಜನ ಸತ್ತರೆಂದು ಅಂದಾಜು. ‘ಗಂಜಿಗೆ ಮತ ಮಾರಿದವರು’ ಎಂದು ನಮ್ಮನ್ನು ಹಂಗಿಸುವವರಿದ್ದಾರೆ. ಅದಕ್ಕೆ ನಮ್ಮ ಪ್ರಸಂಗಿಗಳ ಸಿದ್ಧ ಉತ್ತರ: ‘ಇಲ್ಲ, ನಮ್ಮ ಹಿರಿಯರು ಸತ್ಯವನ್ನು ಅರಿತೇ ಬಂದರು.’ ನನ್ನ ಅಜ್ಜಿ ಮಾತ್ರ ಎರಡೂ ಕಡೆಯವರನ್ನು ನಿರಾಶೆಗೊಳಿಸುತ್ತಿದ್ದಳು: ‘ಗಂಜೀಗೇ ಬಂದ್ವಿ. ಹಸದವ್ರು ಮತ್ಯಾತಕ್ಕ ಬರ್ತಾರ?’

ನಾನು ಅಜ್ಜಿಯ ಪಕ್ಷ. ಹಂಗಿಸುವವರೂ ಪ್ರಸಂಗಿಗಳೂ ಒಂದು ಮಾತನ್ನು ಪರೀಕ್ಷಿಸದೇ ಒಪ್ಪಿಕೊಂಡಿದ್ದಾರೆ: ಹೊಟ್ಟೆಯ ದಾರಿಯಿಂದ ಬಂದ ನಂಬಿಕೆ ನಂಬಿಕೆಯಲ್ಲ, ತಲೆಯ ದಾರಿಯಿಂದ ಬಂದದ್ದೇ ನಂಬಿಕೆ. ಆದರೆ ತಲೆಯ ದಾರಿಯಿಂದ ಬಂದವರು ಎಷ್ಟು ಜನ? ನಮ್ಮ ಓಣಿಯಲ್ಲಿ ಎಲ್ಲ ಮತದವರೂ ಇದ್ದರು. ವೇದ, ಕುರಾನು, ವಚನ, ಬೈಬಲುಗಳನ್ನು ತೂಗಿ ನೋಡಿ ಆರಿಸಿಕೊಂಡವರು ನನ್ನ ಕಣ್ಣಿಗೆ ಬೀಳಲಿಲ್ಲ. ಎಲ್ಲರಿಗೂ ಅದು ತೊಟ್ಟಿಲಲ್ಲೇ ಸಿಕ್ಕಿತ್ತು. ಬಂದ ದಾರಿಯಿಂದಲೇ ನಂಬಿಕೆಯ ಬೆಲೆ ಕಟ್ಟುವುದಾದರೆ, ಪುಕ್ಕಟೆ ಸಿಕ್ಕಿದ್ದಕ್ಕಿಂತ ಹಸಿವಿನಲ್ಲಿ ಸಿಕ್ಕಿದ್ದು ಕೀಳಾಗುವುದು ಹೇಗೆ? ಕಡೇಪಕ್ಷ ಆ ಹುಡುಗನಿಗೆ ತನಗೇನು ಬೇಕೆಂಬುದು ಗೊತ್ತಿತ್ತು.

ನೀವು ಹೀಗೆ ಕೇಳಬಹುದು: ಬರ ಮುಗಿದ ಮೇಲೂ ಅವನು ಉಳಿದದ್ದು ನಂಬಿಕೆಯಿಂದಲೋ, ವಾಪಸು ಹೋಗಲು ದಾರಿ ಇಲ್ಲದ್ದರಿಂದಲೋ? ನ್ಯಾಯವಾದ ಪ್ರಶ್ನೆ. ಎರಡನೆಯದೇ ಇರಬಹುದು. ಮಿಶನ್ನಿನಲ್ಲಿ ಎಲ್ಲರೊಂದಿಗೆ ಕೂತು ಉಂಡವನನ್ನು ಊರು ಮರಳಿ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆದರೆ ಬಾಗಿಲು ಹಾಕಿದವರೇ ‘ಯಾಕೆ ವಾಪಸು ಬರಲಿಲ್ಲ?’ ಎಂದು ಕೇಳುವುದರಲ್ಲಿ ಏನೋ ಸರಿಹೊಂದುವುದಿಲ್ಲ. ಮೇಲಾಗಿ, ದಿನದಿನದ ಆಹಾರವನ್ನು ಕೊಡು ಎಂದು ಬೇಡುವುದನ್ನೇ ಪ್ರಾರ್ಥನೆಯಾಗಿ ಕಲಿಸಿದ, ರೊಟ್ಟಿ ಮುರಿದು ಹಂಚುವುದನ್ನೇ ಆರಾಧನೆಯ ನಡುವೆ ಇಟ್ಟುಕೊಂಡ ಮತಕ್ಕೆ ಹಸಿದು ಬಂದವನು ಅಪಾರ್ಥ ಮಾಡಿಕೊಂಡು ಬಂದ ಎನ್ನುವುದು ನನಗಂತೂ ಕಷ್ಟ.

ಹಾಗಾದರೆ ಹಸಿವನ್ನು ಬಳಸಿಕೊಂಡು ಮತ ಹರಡುವುದು ಸರಿಯೇ? ಅಲ್ಲ. ಇಲ್ಲಿ ಎರಡು ಪ್ರಶ್ನೆಗಳಿವೆ, ಅವನ್ನು ಒಂದರ ಬೆನ್ನಿಗೆ ಇನ್ನೊಂದನ್ನು ಕಟ್ಟಿದ್ದೇ ತೊಂದರೆ. ಕೊಟ್ಟವನ ಉದ್ದೇಶ ಶುದ್ಧವಾಗಿತ್ತೇ ಎಂಬುದಕ್ಕೆ ಕೊಟ್ಟವನು ಉತ್ತರ ಹೇಳಬೇಕು. ಉಂಡವನು ಯಾಕೆ ಹೇಳಬೇಕು? ಷರತ್ತು ಹಾಕಿ ಬಡಿಸಿದ್ದರೆ ಅದನ್ನು ತಪ್ಪೆನ್ನಲು ನಾನು ಹಿಂಜರಿಯುವುದಿಲ್ಲ. ಆದರೂ ಗಂಜಿಯ ಋಣ ಉಳಿಯುತ್ತದೆ. ಋಣವನ್ನು ಒಪ್ಪಿಕೊಂಡವನು ಕೊಟ್ಟವನ ಎಲ್ಲ ಕೆಲಸಗಳಿಗೂ ರುಜು ಹಾಕಬೇಕು ಎಂಬುದು ನನಗೆ ಒಪ್ಪಿಗೆಯಿಲ್ಲದ ಇನ್ನೊಂದು ಜನಪ್ರಿಯ ನಂಬಿಕೆ.

ಒಟ್ಟಾರೆ ‘ಕ್ರೈಸ್ತರು’ ಎಂದು ಲೆಕ್ಕ ಹಿಡಿದರೆ ಎಷ್ಟು ಎಡವುತ್ತೇವೆ ಎಂಬುದಕ್ಕೆ ಅದೇ ಬರವನ್ನು ನೋಡಿ. ಮಿಶನ್ನಿನವರದು ಯಾವ ಮತವೋ, ಸರ್ಕಾರ ನಡೆಸುತ್ತಿದ್ದವರದೂ ಅದೇ ಮತ. ವೈಸರಾಯ್ ಲಿಟನ್ ಕಳಿಸಿಕೊಟ್ಟ ರಿಚರ್ಡ್ ಟೆಂಪಲ್, 1877ರಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ಇಳಿಸಿದ: ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗಿಂತ ಕಡಿಮೆ ಧಾನ್ಯ, ಜೊತೆಗೆ ಒಂದಾಣೆ. ಇಷ್ಟರಲ್ಲಿ ಮೈಮುರಿದು ದುಡಿಯುವವನು ಬದುಕಲಾರ ಎಂದು ಪಟ್ಟು ಹಿಡಿದ ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಕೂಡ ಬಿಳಿಯನೇ. ಒಂದೇ ಮತ, ಒಂದೇ ಬರ. ಒಬ್ಬ ಕೂಲಿ ಕಿತ್ತ, ಒಬ್ಬ ಜಗಳವಾಡಿದ, ಇನ್ಯಾರೋ ಗಂಜಿ ಹಾಕಿದರು. ಇವರನ್ನೆಲ್ಲ ಒಟ್ಟಿಗೆ ವಂದಿಸುವುದೂ ಒಟ್ಟಿಗೆ ನಿಂದಿಸುವುದೂ ಒಂದೇ ತರಹದ ಸೋಮಾರಿತನ.

ಆ ಕೂಲಿಯ ಗುರುತು ಚೆನ್ನೈಯಲ್ಲಿ ಇನ್ನೂ ಇದೆ. ಅಡ್ಯಾರ್ ಮತ್ತು ಕೂವಂ ನದಿಗಳನ್ನು ಜೋಡಿಸುವ ಸುಮಾರು ಎಂಟು ಕಿಲೋಮೀಟರ್ ಕಾಲುವೆಯನ್ನು 1877-78ರಲ್ಲಿ ಬರ ಪರಿಹಾರದ ಕಾಮಗಾರಿಯಾಗಿ ತೋಡಿಸಿದರು. ಆಗಿನ ಗವರ್ನರ್ ಬಕಿಂಗ್‌ಹ್ಯಾಂ ಪ್ರಭುವಿನ ಹೆಸರು ಕಾಲುವೆಗೆ ಬಂತು. ತೋಡಿದವರ ಹೆಸರು ಯಾವುದಕ್ಕೂ ಬರಲಿಲ್ಲ. ವೇಳಚ್ಚೇರಿಯಿಂದ ಹೊರಡುವ ರೈಲು ಮೈಲಾಪುರದ ಬಳಿ ಇದರ ಮಗ್ಗುಲಲ್ಲೇ ಓಡುತ್ತದೆ. ಕೆಳಗೆ ಕಪ್ಪು ನೀರು, ಮೂಗು ಮುಚ್ಚಿಕೊಳ್ಳುವಷ್ಟು ನಾತ. ಅರೆಹೊಟ್ಟೆಯಲ್ಲಿ ತೋಡಿದ ನೆಲ ಅದು ಎಂದು ಗೊತ್ತಾದ ಮೇಲೂ ನಾನು ಮೂಗು ಮುಚ್ಚುತ್ತೇನೆ.

ಪ್ರಾರ್ಥನಾಕೂಟಗಳಲ್ಲಿ ಸಾಕ್ಷಿ ಹೇಳುವ ಪದ್ಧತಿ ನಮ್ಮಲ್ಲಿದೆ. ದೇವರು ನಮ್ಮನ್ನು ಹೇಗೆ ಪಾರುಮಾಡಿದ ಎಂದು ಒಬ್ಬೊಬ್ಬರಾಗಿ ಎದ್ದು ಹೇಳುತ್ತಾರೆ. ಇಲ್ಲಿ ಮತ್ತೆ ಮತ್ತೆ ಕೇಳಿಬರುವುದು 2004ರ ಡಿಸೆಂಬರ್ 26ರ ಸುನಾಮಿ. ಸ್ಯಾಂಥೋಮ್ ಬೆಸಿಲಿಕಾದ ಹಿಂದೆ, ಕಡಲ ಕಡೆಗೆ, ಸಂತ ತೋಮನದೆಂದು ನಂಬುವ ಒಂದು ಮರದ ಕಂಬವಿದೆ. ಸಮುದ್ರ ಅದನ್ನು ದಾಟಿ ಬರುವುದಿಲ್ಲವೆಂದು ಪ್ರತೀತಿ. ಅಂದು ನೀರು ಚರ್ಚಿಗೆ ಬರಲಿಲ್ಲ. ಭಕ್ತರು ದೇವರನ್ನು ಸ್ತುತಿಸಿದರು, ಅದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಶ್ರೀನಿವಾಸಪುರದ ಮೀನುಗಾರರ ಗುಡಿಸಲುಗಳಿಗೆ ಅದೇ ನೀರು ನುಗ್ಗಿತು. ಆ ಗುಡಿಸಲುಗಳಲ್ಲಿ ಪ್ರಾರ್ಥಿಸುವವರು ಇರಲಿಲ್ಲವೆಂದು ಯಾರು ಹೇಳಬಲ್ಲರು? ‘ನಮ್ಮನ್ನು ಉಳಿಸಿದ್ದಕ್ಕೆ ಸ್ತೋತ್ರ’ ಎಂಬ ವಾಕ್ಯ ಉಳಿಯದವರ ಅವ್ವನ ಎದುರು ಹೇಳಲು ಆಗುವಂಥದ್ದಾಗಿರಬೇಕು. ಆಗದಿದ್ದರೆ ಅದನ್ನು ನನ್ನ ಮನಸ್ಸು ಕೃತಜ್ಞತೆ ಎಂದು ಒಪ್ಪುವುದಿಲ್ಲ. ಪಾರಾದವನ ನಿಟ್ಟುಸಿರು ಎನ್ನುತ್ತದೆ. ನಿಟ್ಟುಸಿರು ಪಾಪವೇನಲ್ಲ, ಆದರೆ ಅದಕ್ಕೆ ಸಿದ್ಧಾಂತ ಕಟ್ಟಬಾರದು. ‘ನಿನಗಿಂತ ಕಷ್ಟದಲ್ಲಿರುವವರನ್ನು ನೋಡು, ತೃಪ್ತನಾಗು’ ಎಂಬ ಬುದ್ಧಿವಾದಕ್ಕೂ ಇದೇ ಆಕ್ಷೇಪ. ನನ್ನ ತೃಪ್ತಿಗಾಗಿ ಇನ್ನೊಬ್ಬ ಕಷ್ಟದಲ್ಲಿ ಇರಬೇಕಾಗುತ್ತದೆ.

ಕೊನೆಯದಾಗಿ, ಕೃತಜ್ಞತೆ ಮನಸ್ಸಿನಲ್ಲಿದ್ದರೆ ಸಾಕು, ತೋರಿಕೆ ಬೇಡ ಎನ್ನುವವರ ಬಗ್ಗೆ. ಇದು ಸಭ್ಯರ ಮಾತು, ನನ್ನ ಗೆಳೆಯರಲ್ಲಿ ಬಹುಪಾಲು ಜನ ಇದನ್ನೇ ಹೇಳುತ್ತಾರೆ. ನನಗೋ ಮನಸ್ಸಿನ ಮೇಲೆ ಅಷ್ಟು ಭರವಸೆಯಿಲ್ಲ. ಅದು ಬೆಳಿಗ್ಗೆ ಇದ್ದಂತೆ ಸಂಜೆ ಇರುವುದಿಲ್ಲ. ಅದಕ್ಕೇ ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದದ್ದನ್ನು ಕೂಗಿ ಮಾರುವ ಲಿಲಾವು ನನಗೆ ಇಷ್ಟ. ಬೆಟಗೇರಿಯಲ್ಲಿ ಹೊಲದಿಂದಲೇ ಜೋಳದ ತೆನೆ, ಶೇಂಗಾ ಬರುತ್ತಿದ್ದವು. ಚೆನ್ನೈಯ ಸಭೆಯಲ್ಲಿ ಬೆಳೆ ತೆಗೆಯುವವರು ಒಬ್ಬರೂ ಇಲ್ಲ. ಕೋಯಂಬೇಡು ಮಾರ್ಕೆಟ್ಟಿನಿಂದ ಕುಂಬಳಕಾಯಿ ತರುತ್ತಾರೆ, ಮನೆಯಲ್ಲಿ ಮಾಡಿದ ಕೇಕು, ಉಪ್ಪಿನಕಾಯಿಯ ಜಾಡಿ, ಗೊನೆ ಬಾಳೆ. ನಿವೃತ್ತ ಬ್ಯಾಂಕ್ ನೌಕರರೊಬ್ಬರು ಮೈಕು ಹಿಡಿದು ‘ಒರು ತರಂ, ರೆಂಡು ತರಂ’ ಎಂದು ಕೂಗುತ್ತಾರೆ. ಒಂದು ತೆಂಗಿನಕಾಯಿ ಐನೂರಕ್ಕೆ ಹೋಗುತ್ತದೆ. ಕೊಂಡವರು ಅದನ್ನು ವಾಪಸು ಮೇಜಿನ ಮೇಲೆ ಇಡುತ್ತಾರೆ, ಮತ್ತೆ ಕೂಗು ಶುರು. ಕೃತಕ ಎನ್ನಿ, ಒಪ್ಪುತ್ತೇನೆ. ದುಡ್ಡಿದ್ದವರ ಪ್ರದರ್ಶನವೂ ಅದರಲ್ಲಿದೆ. ಆದರೂ ಮನಸ್ಸು ಬಂದರೂ ಬಾರದಿದ್ದರೂ ಕೈಯಿಂದ ಒಂದಿಷ್ಟು ಬಿಡಬೇಕಾಗುತ್ತದೆ, ಆ ದುಡ್ಡಿನಲ್ಲಿ ಒಂದು ಪಾಲು ಯಾರದೋ ಶಾಲೆಯ ಫೀಸಿಗೆ ಹೋಗುತ್ತದೆ. ಮನಸ್ಸಿನೊಳಗಿನ ಕೃತಜ್ಞತೆಯಿಂದ ಯಾರ ಫೀಸೂ ಕಟ್ಟಿದ್ದನ್ನು ನಾನು ಕಂಡಿಲ್ಲ.

ಒಂದೇ ಕೊರತೆ. ಆ ಕುಂಬಳಕಾಯಿ ಬೆಳೆದವನು ಪ್ರಾರ್ಥನೆಯಲ್ಲಿ ‘ರೈತರು’ ಎಂಬ ಒಂದು ಪದದೊಳಗೆ ಕರಗಿಹೋಗುತ್ತಾನೆ. ಲಾರಿಯಿಂದ ಇಳಿಸಿದ ಹಮಾಲಿ ಆ ಪದದೊಳಗೂ ಇಲ್ಲ. ಈ ವರ್ಷ ತರುವವರೆಲ್ಲ ತಮ್ಮ ತರಕಾರಿ ಯಾವ ಊರಿನ ಹೊಲದ್ದು ಎಂದು ಮಂಡಿಯವರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ತರಲಿ ಎಂದು ಸಭೆಯ ಕಮಿಟಿಗೆ ಸೂಚಿಸಿದೆ. ಹಿರಿಯರೊಬ್ಬರು ನಕ್ಕು, ‘ತಂಬಿ, ಬೆಳಗಿನ ಜಾವ ನಾಲ್ಕಕ್ಕೆ ಕೋಯಂಬೇಡಿನಲ್ಲಿ ಇದನ್ನೆಲ್ಲ ಕೇಳಿದರೆ ಬೈದು ಓಡಿಸುತ್ತಾರೆ’ ಎಂದರು. ನನ್ನ ವಾದಗಳ ವಿರುದ್ಧ ಇದುವರೆಗೆ ಬಂದ ಆಕ್ಷೇಪಗಳಲ್ಲಿ ಇದೇ ಬಲವಾದದ್ದು. ಆದರೂ ಈ ಸಲ ಕುಂಬಳಕಾಯಿ ತರಲು ನಾನೇ ಹೋಗುವವನಿದ್ದೇನೆ, ಕೇಳಿ ನೋಡುತ್ತೇನೆ.