ಗೋಡೆಗೆ ಶುಗರ್ ಬೋರ್ಡ್ ಬಂತು, ಮಗುವಿನ ಪಾದ ನೋಡುವವರಿಲ್ಲ

2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ ‘ಶುಗರ್ ಬೋರ್ಡ್’ ಹಾಕುವಂತೆ ಸೂಚಿಸಿತು. 4ರಿಂದ 10 ವರ್ಷದ ಮಕ್ಕಳಿಗೆ ದಿನದ ಕ್ಯಾಲರಿಯಲ್ಲಿ ಶೇ 13, 11ರಿಂದ 18ರವರಿಗೆ ಶೇ 15 ಸಕ್ಕರೆಯಿಂದಲೇ ಸಿಗುತ್ತಿದೆ, ಇದು ಶೇ 5 ಮೀರಬಾರದು ಎಂಬುದು ಸುತ್ತೋಲೆಯ ಲೆಕ್ಕ. ಬೋರ್ಡ್ ಬರಲಿ. ತಂಪು ಪಾನೀಯದ ಬಾಟಲಿಯಲ್ಲಿ ಎಷ್ಟು ಸಕ್ಕರೆ ಇದೆ ಎಂದು ಮಕ್ಕಳು ಓದಿ ತಿಳಿಯಲಿ. ನನ್ನ ತಕರಾರು ಇರುವುದು ಆ ಬೋರ್ಡಿನ ಎದುರು ಕುಳಿತಿರುವ, ಈಗಾಗಲೇ ಮಧುಮೇಹ ಇರುವ ಮಗುವಿನ ವಿಷಯದಲ್ಲಿ. ಆ ಮಗುವಿಗಾಗಿ ನಮ್ಮ ವ್ಯವಸ್ಥೆ ಏನು ಮಾಡಿದೆ?

ಟೈಪ್ 1 ಮಧುಮೇಹ ಸಿಹಿ ತಿಂದಿದ್ದರಿಂದ ಬರುವ ಕಾಯಿಲೆಯಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೊಲ್ಲುತ್ತದೆ. ಈ ಕಾಯಿಲೆ ಇರುವ ಮಕ್ಕಳ ಸಂಖ್ಯೆಯಲ್ಲಿ ಜಗತ್ತಿನ ಮೊದಲ ಸಾಲಿನ ದೇಶಗಳಲ್ಲಿ ಭಾರತವೂ ಒಂದು. ಬದುಕಿರುವಷ್ಟು ಕಾಲ ದಿನಕ್ಕೆ ಹಲವು ಸಲ ಚುಚ್ಚಿಕೊಳ್ಳಬೇಕು. ಇನ್ಸುಲಿನ್ ಹೊಂದಿಸುವುದರಲ್ಲೇ ತಾಯ್ತಂದೆ ಹೈರಾಣಾಗುತ್ತಾರೆ. ಸಕ್ಕರೆ ಏರಿಳಿಯುತ್ತ ವರ್ಷಗಳು ಕಳೆಯುವಾಗ ಕಣ್ಣು, ಮೂತ್ರಪಿಂಡಗಳ ಜೊತೆಗೆ ನರಗಳೂ ಸವೆಯುತ್ತಿರುತ್ತವೆ ಎಂದು ಅವರಿಗೆ ಹೇಳುವವರು ಕಡಿಮೆ.

ದೇಹದಲ್ಲಿ ಅತಿ ಉದ್ದದ ನರಗಳು ಪಾದಕ್ಕೆ ಹೋಗುವಂಥವು. ಹಾನಿ ಶುರುವಾಗುವುದು ಅಲ್ಲಿಂದಲೇ. ಕಾಲು ಜೋಮು ಹಿಡಿದಂತೆ, ಇರುವೆ ಹರಿದಂತೆ ಆಗುವುದು ಆಮೇಲಿನ ಮಾತು. ಮೊದಮೊದಲು ಏನೂ ಅನ್ನಿಸುವುದಿಲ್ಲ, ಅಪಾಯ ಇರುವುದೇ ಅದರಲ್ಲಿ. ನೋವಿದ್ದರೆ ಮಗು ಅಳುತ್ತದೆ, ಸ್ಪರ್ಶ ಮಂಕಾದರೆ ಯಾರಲ್ಲಿ ಹೇಳೀತು? ಅಮೆರಿಕದ ‘ಸರ್ಚ್’ ಅಧ್ಯಯನ 2017ರಲ್ಲಿ ಪ್ರಕಟಿಸಿದಂತೆ, ಟೈಪ್ 1 ಇದ್ದ ಎಳೆಯರಲ್ಲಿ ಶೇ 7, ಟೈಪ್ 2 ಇದ್ದವರಲ್ಲಿ ಶೇ 22 ಮಂದಿಗೆ ಪಾದದ ನರಗಳಿಗೆ ಹಾನಿಯಾಗಿತ್ತು. ಅವರೆಲ್ಲ ಇಪ್ಪತ್ತರ ಆಸುಪಾಸಿನವರು.

ಇದನ್ನು ಹಿಡಿಯುವ ಮೊದಲ ಪರೀಕ್ಷೆಗೆ ಐದು ನಿಮಿಷ ಸಾಕು. ಚಪ್ಪಲಿ, ಕಾಲುಚೀಲ ಬಿಚ್ಚಿಸಿ ಬೆರಳ ಸಂದಿ, ಹಿಮ್ಮಡಿಯನ್ನು ನೋಡಬೇಕು. ಸೆಕೆಂಡಿಗೆ 128 ಸಲ ಕಂಪಿಸುವ ಶ್ರುತಿಕವೆಯನ್ನು ತಟ್ಟಿ ಮೊದಲು ಮಗುವಿನ ಕೈಗೆ ಮುಟ್ಟಿಸಿ, ‘ಗುಯ್ ಅಂತಿದೆಯಲ್ಲ ಪುಟ್ಟಾ, ಅದು ನಿಂತಾಗ ಹೇಳು’ ಎನ್ನಬೇಕು. ನಂತರ ಕಣ್ಣು ಮುಚ್ಚಿಸಿ ಕಾಲಿನ ಹೆಬ್ಬೆರಳಿನ ಮೂಳೆಯ ಮೇಲೆ ಇಡಬೇಕು. ಮಗು ‘ನಿಂತಿತು’ ಎಂದ ಮೇಲೂ ಪರೀಕ್ಷಿಸುವವರ ಬೆರಳಿಗೆ ಅದು ತುಂಬ ಹೊತ್ತು ಗುಂಯ್‌ಗುಡುತ್ತಿದ್ದರೆ ಅನುಮಾನಿಸಬೇಕು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಪಾದಕ್ಕೆ ಮುಟ್ಟಿಸುವುದು, ಸುತ್ತಿಗೆಯಿಂದ ಹಿಮ್ಮಡಿಯ ಸ್ನಾಯುರಜ್ಜು ತಟ್ಟುವುದು, ಇಷ್ಟೇ. ಶ್ರುತಿಕವೆಯ ಬೆಲೆ ಕೆಲವು ನೂರು ರೂಪಾಯಿ. ಟೈಪ್ 1 ಬಂದು ಎರಡರಿಂದ ಐದು ವರ್ಷವಾಗಿದ್ದರೆ 11ನೇ ವಯಸ್ಸಿನಿಂದ ವರ್ಷಕ್ಕೊಮ್ಮೆ, ಟೈಪ್ 2 ಆದರೆ ಗೊತ್ತಾದ ದಿನದಿಂದಲೇ ಈ ತಪಾಸಣೆ ಆಗಬೇಕು ಎನ್ನುವುದು ಮಕ್ಕಳ ಮಧುಮೇಹ ತಜ್ಞರ ಅಂತರರಾಷ್ಟ್ರೀಯ ಸಂಘಟನೆಯ ಮಾರ್ಗಸೂಚಿ.

ನಮ್ಮಲ್ಲಿ ಏನಾಗುತ್ತಿದೆ ನೋಡಿ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮಧುಮೇಹ ತಪಾಸಣೆ ಶುರುವಾಗುವುದು 30 ವರ್ಷಕ್ಕೆ. ಕರ್ನಾಟಕ 2024ರಲ್ಲಿ ಕೋಲಾರದಿಂದ ಆರಂಭಿಸಿದ ‘ಗೃಹ ಆರೋಗ್ಯ’ ಮನೆ ಬಾಗಿಲಿಗೆ ಬರುವುದೂ 30 ದಾಟಿದವರಿಗಾಗಿ. ಇನ್ನು 18 ವರ್ಷದೊಳಗಿನವರಿಗೆಂದೇ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದಾಗ 30 ತೊಂದರೆಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಮಧುಮೇಹ ಇರಲಿಲ್ಲ. ಆರನೇ ವಯಸ್ಸಿಗೆ ಟೈಪ್ 1 ಬಂದ ಹುಡುಗಿಯ ಪಾದವನ್ನು ಹನ್ನೊಂದಕ್ಕೇ ನೋಡಬೇಕಿತ್ತು. ಸರ್ಕಾರದ ತಪಾಸಣೆಯ ಬಾಗಿಲು ತೆರೆಯುವುದು ಅದಾಗಿ 19 ವರ್ಷಕ್ಕೆ. ಮದುವೆಗೆ ತೊಡಕಾದೀತೆಂದು ಮಗಳ ಕಾಯಿಲೆಯನ್ನು ಮುಚ್ಚಿಡುವ ಮನೆಗಳಲ್ಲಂತೂ ಆ ಹುಡುಗಿಗೆ ಬಾಯಿಬಿಟ್ಟು ಕೇಳುವ ಧೈರ್ಯವೂ ಇರುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಗೊತ್ತಿವೆ. ಮೊದಲು ಇನ್ಸುಲಿನ್ ಕೊಡಿ, ನರದ ಮಾತು ಆಮೇಲೆ ಎನ್ನುತ್ತಾರೆ. ಇನ್ಸುಲಿನ್ ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇನ್ಸುಲಿನ್ ಪಡೆಯಲು ಬಂದ ಮಗುವಿನ ಕಾಲುಚೀಲ ಬಿಚ್ಚಿಸಲು ಪ್ರತ್ಯೇಕ ಬಜೆಟ್ ಬೇಕೇ? ಇನ್ನೊಂದು ವಾದ, ಸವೆದ ನರವನ್ನು ಸರಿಪಡಿಸುವ ಔಷಧಿಯೇ ಇಲ್ಲದಾಗ ಪತ್ತೆ ಮಾಡಿ ಏನು ಪ್ರಯೋಜನ ಎಂಬುದು. ಈ ವಾದ ನನಗೆ ಕ್ರೂರವಾಗಿ ಕಾಣುತ್ತದೆ. 1983ರಿಂದ 1993ರವರೆಗೆ ಅಮೆರಿಕ, ಕೆನಡಾಗಳಲ್ಲಿ ಟೈಪ್ 1 ಇದ್ದ 1,441 ಮಂದಿಯ ಮೇಲೆ ನಡೆದ ‘ಡಿಸಿಸಿಟಿ’ ಅಧ್ಯಯನ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ನರಹಾನಿ ಸುಮಾರು ಶೇ 60ರಷ್ಟು ತಗ್ಗುತ್ತದೆ ಎಂದು ತೋರಿಸಿತು. ಅದರಲ್ಲಿ 13 ವರ್ಷದವರೂ ಇದ್ದರು. ಪಾದ ಮಂಕಾಗುತ್ತಿದೆ ಎಂದು ಗೊತ್ತಾದರೆ ಇನ್ಸುಲಿನ್ ಪ್ರಮಾಣ, ಹೊತ್ತು, ಊಟ ಎಲ್ಲವನ್ನೂ ಮತ್ತೆ ನೋಡಬಹುದು. ಬಿ12 ಕೊರತೆ ಇದ್ದರೆ ತುಂಬಬಹುದು. ಬರಿಗಾಲಲ್ಲಿ ಆಡುವ ಮಗುವಿಗೆ ಚಪ್ಪಲಿ ಹಾಕಿಸಿ, ರಾತ್ರಿ ಪಾದ ನೋಡುವುದನ್ನು ಮನೆಯವರಿಗೆ ರೂಢಿ ಮಾಡಿಸಬಹುದು. ಮುಳ್ಳು ಚುಚ್ಚಿದ್ದೂ ತಿಳಿಯದೆ ಕೀವಾದ ಮೇಲೆ ಆಸ್ಪತ್ರೆಗೆ ಓಡುವುದಕ್ಕಿಂತ ಇದು ಎಷ್ಟೋ ಮೇಲು.

ಮೂರನೆಯ ಆಕ್ಷೇಪದಲ್ಲಿ ಹುರುಳಿದೆ. ಮಕ್ಕಳಲ್ಲಿ ನೈಲಾನ್ ಎಳೆಯ ಪರೀಕ್ಷೆ ಎಷ್ಟೋ ಹಾನಿಗಳನ್ನು ಕಂಡುಹಿಡಿಯುವುದಿಲ್ಲ ಎಂದು ಅಧ್ಯಯನಗಳೇ ಹೇಳಿವೆ. ಡಾಕ್ಟರನ್ನು ಮೆಚ್ಚಿಸಲು ‘ಹೂಂ, ಗೊತ್ತಾಯ್ತು’ ಎನ್ನುವ ಮಕ್ಕಳೂ ಇದ್ದಾರೆ. ನರದಲ್ಲಿ ಸಂಕೇತ ಎಷ್ಟು ವೇಗದಲ್ಲಿ ಹರಿಯುತ್ತದೆ ಎಂದು ಅಳೆಯುವ ಎನ್‌ಸಿವಿ ಪರೀಕ್ಷೆ ಇವೆಲ್ಲಕ್ಕಿಂತ ಖಚಿತ. ಆದ್ದರಿಂದ ಪರೀಕ್ಷೆಯೇ ಬೇಡ ಎನ್ನುವುದಲ್ಲ, ಅನುಮಾನ ಬಂದ ಮಗುವನ್ನು ಹತ್ತಿರದ ವೈದ್ಯಕೀಯ ಕಾಲೇಜಿಗೆ ಕಳಿಸಿ ಉಚಿತವಾಗಿ ಎನ್‌ಸಿವಿ ಮಾಡಿಸುವ ದಾರಿ ಬೇಕು.

ಪಕ್ಕದ ಕೇರಳ ಟೈಪ್ 1 ಮಕ್ಕಳಿಗೆಂದೇ ‘ಮಿಠಾಯಿ’ ಯೋಜನೆ ನಡೆಸುತ್ತಿದೆ. ಪಶ್ಚಿಮ ಬಂಗಾಳ ಜಿಲ್ಲಾ ಮಟ್ಟದಲ್ಲಿ ಇವರಿಗಾಗಿ ಕ್ಲಿನಿಕ್ ತೆರೆದಿದೆ. ಟೈಪ್ 1 ಚಿಕಿತ್ಸೆಗೆ ಐಸಿಎಂಆರ್ 2022ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಕರ್ನಾಟಕಕ್ಕೆ ಹೊಸದಾಗಿ ಕಂಡುಹಿಡಿಯಬೇಕಾದ್ದು ಏನೂ ಇಲ್ಲ. ಬಾಲ ಸ್ವಾಸ್ಥ್ಯ ತಂಡಗಳು ಹೇಗೂ ಶಾಲೆಗೆ ಹೋಗುತ್ತವೆ. ಅವರ ಚೀಲದಲ್ಲೊಂದು ಶ್ರುತಿಕವೆ ಇರಲಿ, ಮಧುಮೇಹ ಇರುವ ಮಕ್ಕಳ ಹೆಸರು ಗುಟ್ಟಾಗಿರಲಿ, ಪರೀಕ್ಷೆ ತರಗತಿಯ ಎಲ್ಲರ ಮುಂದೆ ಬೇಡ. ಆರೋಗ್ಯ ಇಲಾಖೆ ಒಂದು ಆದೇಶ ಹೊರಡಿಸಿದರೆ ಬರುವ ಶೈಕ್ಷಣಿಕ ವರ್ಷದಲ್ಲೇ ಇದು ಶುರುವಾಗಬಹುದು.

ಅಲ್ಲಿಯವರೆಗೆ ತಾಯ್ತಂದೆಯರಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮಗುವಿನ ಕಾಲುಚೀಲವನ್ನು ನೀವೇ ಬಿಚ್ಚಿ, ‘ಡಾಕ್ಟ್ರೇ, ಪಾದದ ನರ ಪರೀಕ್ಷೆ ಮಾಡಿ’ ಎಂದು ಕೇಳಿ.